ಸಣ್ಣ ಅಳತೆಯ ಲೋಹದ ಸೈನ್ಯ ಕಟ್ಟುವುದು ಹೇಗೆ: ಪೊಟ್ಟಣ ತರಿಸುವ ಮೊದಲೇ ಓದಿ

ಮೂವತ್ತು ಪೊಟ್ಟಣ ತರಿಸುತ್ತಾರೆ. ನಾಲ್ಕು ಬಿಚ್ಚುತ್ತಾರೆ. ಎಂಟು ಗೊಂಬೆಗೆ ಬಣ್ಣ ಬೀಳುತ್ತದೆ. ಮಿಕ್ಕಿದ್ದೆಲ್ಲ ಡಬ್ಬ ಸೇರುತ್ತದೆ. ಹಳೇ ಯುದ್ಧಗಳನ್ನು ಪುಟ್ಟ ಲೋಹದ ಗೊಂಬೆಗಳಿಂದ ಮೇಜಿನ ಮೇಲೆ ಆಡುವ ಐತಿಹಾಸಿಕ ಯುದ್ಧದಾಟದವರು ಈ ರಾಶಿಗೆ ‘ಸೀಸದ ಗುಡ್ಡ’ ಅಂತಲೇ ಹೆಸರಿಟ್ಟಿದ್ದಾರೆ. ನನ್ನ ಹತ್ತಿರವೂ ಒಂದಿದೆ, ಸುಮ್ನೆ ಯಾಕೆ ಸುಳ್ಳು ಹೇಳಲಿ.

ಸೋಮಾರಿಗಳ ಮನೆಯಲ್ಲಿ ಮಾತ್ರ ಈ ಗುಡ್ಡ ಬೆಳೆಯುತ್ತದೆ ಅಂದುಕೊಳ್ಳಬೇಡಿ. ಬಹಳ ಸಲ ಕೆಲಸದ ಕ್ರಮವೇ ತಲೆಕೆಳಗಾಗಿರುತ್ತದೆ. ಮೊದಲು ಗೊಂಬೆ ಕೊಳ್ಳುತ್ತಾರೆ, ಆಮೇಲೆ ಆಟದ ನಿಯಮ ಹುಡುಕುತ್ತಾರೆ, ಕೊನೆಗೆ ಬೇಸಿನ (ಗೊಂಬೆಗಳನ್ನು ಅಂಟಿಸುವ ಚಪ್ಪಟೆ ತಳ) ಅಳತೆ ನೋಡುತ್ತಾರೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ. ಕ್ರಮ ಹೀಗಿರಬೇಕು: ಯುದ್ಧ, ನಿಯಮ, ಬೇಸು, ಲೆಕ್ಕ, ಆಮೇಲೆ ಗೊಂಬೆ. ಕೆಳಗೆ ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಂಡಿದ್ದೇನೆ: 15 ಮಿ.ಮೀ. ಅಳತೆಯಲ್ಲಿ (ಅಂದರೆ ಗೊಂಬೆಯ ಎತ್ತರ), ರೋಮ್ ವಿರುದ್ಧ ಕಾದಿದ ಸೇನಾಪತಿ ಹ್ಯಾನಿಬಲ್‌ನ ಕಾರ್ತೇಜ್ (ಉತ್ತರ ಆಫ್ರಿಕಾದ ಪ್ರಾಚೀನ ನಗರರಾಜ್ಯ) ಸೈನ್ಯ.

## ಕೈಗೆ ಸಿಗುವಂತಿರಬೇಕಾದ ಸಾಮಾನು

ಸಣ್ಣ ಅರಗಳ ಒಂದು ಸೆಟ್, ಚೂಪಾದ ಕ್ರಾಫ್ಟ್ ಚಾಕು, ಚಿಮಟ, ಕೈಯಲ್ಲೇ ತಿರುಗಿಸುವ ಪುಟ್ಟ ಡ್ರಿಲ್, 0.5 ಮಿ.ಮೀ.ನ ನಾಲ್ಕಾರು ಬಿಟ್‌ಗಳು (ಮುರಿಯುತ್ತವೆ, ಒಂದು ಸಾಲದು), ಸೂಪರ್ ಗ್ಲೂ, ಬಿಳಿ ಪಿವಿಎ ಅಂಟು, ಗಟ್ಟಿ ತಂತಿ, ಹಳೇ ಟೂತ್‌ಬ್ರಷ್, ಒಂದು ವರ್ನಿಯರ್ ಕ್ಯಾಲಿಪರ್. ಇದರ ಜೊತೆಗೆ ಒಂದು ನೋಟ್‌ಬುಕ್. ಎಲ್ಲರೂ ಬಿಡುವುದು ನೋಟ್‌ಬುಕ್ಕನ್ನೇ, ಆಮೇಲೆ ಪರದಾಡುವುದೂ ಅದಕ್ಕೇ.

## ಹಂತ 1: ಕಾಲಘಟ್ಟ ಬೇಡ, ಒಂದು ಯುದ್ಧ ಆರಿಸಿ

‘ನೆಪೋಲಿಯನ್ ಕಾಲದ ಫ್ರೆಂಚ್ ಸೈನ್ಯ’ ಅಂತ ಶುರು ಮಾಡಿದರೆ ಮೊದಲ ಪೊಟ್ಟಣದಲ್ಲೇ ಎಡವುತ್ತೀರಿ. 1805ರ ಆಸ್ಟರ್ಲಿಟ್ಜ್‌ನಲ್ಲಿ ಫ್ರೆಂಚರ ಸಾಮಾನ್ಯ ಕಾಲಾಳುಗಳ ತಲೆಯ ಮೇಲೆ ಅಡ್ಡಗಲದ ಬೈಕಾರ್ನ್ ಟೋಪಿ ಇತ್ತು. ಅವರಿಗೆ ಎತ್ತರದ ಶಾಕೋ ಟೋಪಿ ಬಂದದ್ದು 1806ರ ನಂತರ. 1808ರಲ್ಲಿ ಬೆಟಾಲಿಯನ್ನಿನ ರಚನೆಯೇ ಬದಲಾಯಿತು: 6 ಕಂಪನಿ, ಪ್ರತಿ ಕಂಪನಿಗೆ 140 ಜನ. 1815ರ ವಾಟರ್ಲೂಗೆ ಅಂತ ಕೊಂಡ ಗೊಂಬೆ 1805ಕ್ಕೆ ಹೊಂದುವುದಿಲ್ಲ.

ನನ್ನ ಕಥೆ ಇದಕ್ಕಿಂತ ಮಜವಾಗಿದೆ. ಕ್ರಿ.ಪೂ. 216ರ ಕ್ಯಾನೆ ಯುದ್ಧ ಆಡಬೇಕು ಅಂತ ಹೊರಟೆ. ಹ್ಯಾನಿಬಲ್ ಅಂದಮೇಲೆ ಆನೆ ಬೇಕಲ್ವಾ? ಮೊಟ್ಟಮೊದಲು ತರಿಸಿದ್ದೇ 4 ಆನೆ. ಅಂಬಾರಿಗೆ ಕೆಂಪು, ದಂತಕ್ಕೆ ಕೆನೆ ಬಣ್ಣ ಬಳಿದು, ಪಾದದ ಉಗುರನ್ನೂ ಒಂದೊಂದಾಗಿ ತೀಡಿ ಮುಗಿಸಿದೆ. ಆಮೇಲೆ ಓದಿದೆ: ಅವನ ಆನೆಗಳಲ್ಲಿ ಹೆಚ್ಚಿನವು ಕ್ರಿ.ಪೂ. 218ರ ಟ್ರೆಬಿಯಾ ಯುದ್ಧದ ನಂತರದ ಚಳಿಗೇ ಸತ್ತಿದ್ದವು. ಮರುವರ್ಷ ಜೌಗು ದಾಟುವಾಗ ಉಳಿದಿದ್ದು ಒಂದೇ ಒಂದು, ಅದರ ಮೇಲೆ ಹ್ಯಾನಿಬಲ್ಲೇ ಕೂತಿದ್ದ. ಕ್ಯಾನೆಯಲ್ಲಿ ಆನೆಯೇ ಇರಲಿಲ್ಲ. ಆನೆ ಬೇಕು ಅನ್ನುವವರು ಕ್ರಿ.ಪೂ. 202ರ ಝಾಮಾ ಆರಿಸಿಕೊಳ್ಳಬೇಕು, ಅಲ್ಲಿ 80ಕ್ಕೂ ಜಾಸ್ತಿ ಇದ್ದವು.

ಆದ್ದರಿಂದ ನೋಟ್‌ಬುಕ್‌ನ ಮೊದಲ ಪುಟದಲ್ಲಿ ಮೂರು ಸಾಲು ಬರೆಯಿರಿ: ಯಾವ ಯುದ್ಧ, ಯಾವ ವರ್ಷ, ಎದುರಾಳಿ ಯಾರು. ಎದುರಾಳಿಯ ಸೈನ್ಯ ಗೆಳೆಯರ ಬಳಿ ಈಗಾಗಲೇ ಇದ್ದರೆ ಅವರ ಅಳತೆ, ಅವರ ಬೇಸೇ ನಿಮ್ಮದೂ ಆಗಬೇಕು. ಯಾರ ಬಳಿಯೂ ಇಲ್ಲದಿದ್ದರೆ ಎರಡೂ ಕಡೆಯ ಸೈನ್ಯ ನೀವೇ ಕಟ್ಟಬೇಕಾದೀತು. ಅದನ್ನು ಈಗಲೇ ಲೆಕ್ಕಕ್ಕೆ ಹಿಡಿಯಿರಿ.

## ಹಂತ 2: ನಿಯಮ ಓದಿ, ಬೇಸಿನ ಅಳತೆ ಬರೆದುಕೊಳ್ಳಿ

ಈ ಆಟದಲ್ಲಿ ಹೊಡೆದಾಡುವುದು, ತಿರುಗುವುದು, ಹಿಮ್ಮೆಟ್ಟುವುದು ಎಲ್ಲ ಬೇಸೇ. ಗೊಂಬೆ ಅದರ ಮೇಲಿನ ಅಲಂಕಾರ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವ ಮಾತು ಇಲ್ಲಿ ಅಕ್ಷರಶಃ ನಿಜ.

ಪ್ರಾಚೀನ ಯುದ್ಧಗಳನ್ನು ಆಡಲು ಇರುವ ಡಿಬಿಎ (ಡಿ ಬೆಲ್ಲಿಸ್ ಆ್ಯಂಟಿಕ್ವಿಟಾಟಿಸ್) ನಿಯಮವನ್ನೇ ನೋಡಿ. ಒಂದು ಸೈನ್ಯಕ್ಕೆ 12 ಬೇಸು ಸಾಕು. 15 ಮಿ.ಮೀ. ಗೊಂಬೆಗೆ ಬೇಸಿನ ಅಗಲ 40 ಮಿ.ಮೀ. ಈಟಿಯವರು ಒಂದು ಬೇಸಿಗೆ 4 ಜನ, ಭಾರೀ ಕುದುರೆ ಸವಾರರು 3, ಹಗುರ ಸವಾರರು 2, ಕವಣೆ-ಭರ್ಜಿಯ ಹಗುರ ಕಾಲಾಳುಗಳು 2. ಈಗ ಭಾಗಿಸಿ: 40 ಮಿ.ಮೀ.ಯಲ್ಲಿ 4 ಜನ ಅಂದರೆ ತಲಾ 10 ಮಿ.ಮೀ. ಗುರಾಣಿ ಹಿಡಿದ ನಿಮ್ಮ ಗೊಂಬೆಯ ಅಗಲ 12 ಮಿ.ಮೀ. ಇದ್ದರೆ? ಮೊಣಕೈ ಮೊಣಕೈಗೆ ತಾಗುತ್ತದೆ, ನಾಲ್ಕನೆಯವನು ಬೇಸಿನಿಂದ ಆಚೆ ನಿಲ್ಲುತ್ತಾನೆ. ಇದು ಗೊಂಬೆ ಕೊಳ್ಳುವ ಮುಂಚೆ ಕಾಗದದ ಮೇಲೆ ಗೊತ್ತಾಗಬೇಕಾದ ವಿಷಯ.

ಒಂದು ರಟ್ಟಿನಲ್ಲಿ ಅದೇ ಅಳತೆಯ ಚೂರುಗಳನ್ನು ಕತ್ತರಿಸಿ, ಮೇಲೆ ‘ಈಟಿ’, ‘ಕುದುರೆ’ ಅಂತ ಬರೆದು, ಎರಡು ಮೂರು ಆಟ ಆಡಿ ನೋಡಿ. ಆ ನಿಯಮ ನಿಮಗೆ ಹಿಡಿಸದೇ ಇರಬಹುದು. ರಟ್ಟು ಎಸೆಯುವುದು ಸುಲಭ. ಬಣ್ಣ ಹಚ್ಚಿದ ಐವತ್ತು ಗೊಂಬೆಯನ್ನು ಬೇಸಿನಿಂದ ಕಿತ್ತು ಮತ್ತೆ ಅಂಟಿಸುವುದು ಯಾರಿಗೂ ಬೇಡ.

## ಹಂತ 3: ಅಳತೆ ಆರಿಸಿ, ಮಿಲಿಮೀಟರ್ ನಂಬಬೇಡಿ

ಸಣ್ಣ ಅಳತೆ ಅಂದರೆ ಸಾಮಾನ್ಯವಾಗಿ 6, 10, 15 ಮಿ.ಮೀ. 2-3 ಮಿ.ಮೀ.ನವೂ ಇವೆ, ಅಲ್ಲಿ ಒಬ್ಬೊಬ್ಬ ಸೈನಿಕ ಕಾಣುವುದಿಲ್ಲ, ದಂಡು ಮಾತ್ರ ಕಾಣುತ್ತದೆ.

6 ಮಿ.ಮೀ. ಸುಮಾರು 1:300 ಅಥವಾ 1:285. ಇಲ್ಲಿ ಕಾಲಾಳುಗಳು ಅನೇಕ ಸಲ ನಾಲ್ಕು ಜನರ ಒಂದು ಪಟ್ಟಿಯಾಗಿ ಬರುತ್ತಾರೆ. ದೊಡ್ಡ ಯುದ್ಧವನ್ನು ಸಣ್ಣ ಮೇಜಿನ ಮೇಲೆ ತೋರಿಸಲು ಇದಕ್ಕಿಂತ ಒಳ್ಳೆಯದಿಲ್ಲ. ಬ್ಯಾಕಸ್, ಹೀರೋಯಿಕ್ಸ್ ಆ್ಯಂಡ್ ರಾಸ್ ಈ ಅಳತೆಯ ಗೊಂಬೆ ಮಾಡುವ ಹಳೇ ತಯಾರಕರು. 10 ಮಿ.ಮೀ.ಗೆ ಪೆಂಡ್ರಾಕನ್ ಇದೆ. ಈ ಅಳತೆಗೆ ಎನ್ ಗೇಜ್ ಆಟಿಕೆ ರೈಲಿನ ಮನೆ, ಮರಗಳು ಹೆಚ್ಚುಕಡಿಮೆ ಹೊಂದುತ್ತವೆ ಅನ್ನುವುದು ಒಂದು ಲಾಭ. 15 ಮಿ.ಮೀ. ಸುಮಾರು 1:100. ಮುಖ, ಗುರಾಣಿಯ ಚಿತ್ತಾರ ಎಲ್ಲ ಕಾಣುತ್ತದೆ. ಮೊದಲ ಸೈನ್ಯಕ್ಕೆ ನಾನು ಹೇಳುವುದು ಇದನ್ನೇ.

ತೊಂದರೆ ಇರುವುದು ಆ ಸಂಖ್ಯೆಯಲ್ಲೇ. ಕೆಲವರು ಪಾದದಿಂದ ಕಣ್ಣಿನ ತನಕ ಅಳೆಯುತ್ತಾರೆ, ಕೆಲವರು ನೆತ್ತಿಯ ತನಕ. ಜೊತೆಗೆ ವರ್ಷಗಳು ಕಳೆದಂತೆ ಗೊಂಬೆಗಳು ಬೆಳೆದಿವೆ. ‘15’ ಅಂತ ಮಾರುವ ಎಷ್ಟೋ ಗೊಂಬೆ 18ರ ಹತ್ತಿರ ಇರುತ್ತವೆ. ಒಬ್ಬ ತಯಾರಕರ ತೆಳ್ಳನೆಯ 15ನ್ನೂ ಇನ್ನೊಬ್ಬರ ದಪ್ಪನೆಯ 15ನ್ನೂ ಒಂದೇ ಬೇಸಿನಲ್ಲಿ ನಿಲ್ಲಿಸಿದರೆ ಅಪ್ಪ ಮಗ ನಿಂತ ಹಾಗೆ ಕಾಣುತ್ತದೆ.

ಕ್ಯಾಲಿಪರ್ ಹಿಡಿದು ಪಾದದಡಿಯ ತಟ್ಟೆಯ ಮೇಲಿಂದ ಕಣ್ಣಿನ ತನಕ ಅಳೆಯಿರಿ. ಹೆಲ್ಮೆಟ್, ಗರಿ ಲೆಕ್ಕಕ್ಕಿಲ್ಲ. ತಲೆಯ ಗಾತ್ರವನ್ನೂ, ಕುದುರೆಯ ಉದ್ದವನ್ನೂ ಹೋಲಿಸಿ. ಎತ್ತರದ ಒಂದು ಮಿಲಿಮೀಟರ್ ವ್ಯತ್ಯಾಸವನ್ನು ಕಣ್ಣು ಕ್ಷಮಿಸುತ್ತದೆ, ತಲೆಯ ಗಾತ್ರದ್ದನ್ನು ಕ್ಷಮಿಸುವುದಿಲ್ಲ. ಬೇರೆ ಬೇರೆ ತಯಾರಕರನ್ನು ಬೆರೆಸಲೇಬೇಕಾದರೆ ಬೇಸು ಬೇಸಿಗೆ ಬೇರೆ ಮಾಡಿ: ಹ್ಯಾನಿಬಲ್ ಸೈನ್ಯದ ಗಾಲ್‌ಗಳೆಲ್ಲ (ಈಗಿನ ಫ್ರಾನ್ಸ್, ಉತ್ತರ ಇಟಲಿಯ ಬುಡಕಟ್ಟಿನವರು) ಒಬ್ಬರದು, ಆಫ್ರಿಕನ್ನರೆಲ್ಲ ಇನ್ನೊಬ್ಬರದು. ಒಂದೇ ಬೇಸಿನೊಳಗೆ ಬೆರಕೆ ಬೇಡ.

## ಹಂತ 4: ಲೆಕ್ಕ ಕಾಗದದ ಮೇಲೆ ಮುಗಿಸಿ

ಕ್ಯಾನೆಯಲ್ಲಿ ಹ್ಯಾನಿಬಲ್‌ಗೆ ಸುಮಾರು 40,000 ಕಾಲಾಳು, 10,000 ಕುದುರೆ ಇತ್ತು ಅಂತ ಪ್ರಾಚೀನ ಗ್ರೀಕ್ ಇತಿಹಾಸಕಾರ ಪಾಲಿಬಿಯಸ್ ಬರೆದಿದ್ದಾನೆ. ಐದರಲ್ಲಿ ಒಂದು ಪಾಲು ಕುದುರೆ. 12 ಬೇಸಿಗೆ ನಾನು ಹಂಚಿಕೊಂಡದ್ದು ಹೀಗೆ (ಇದು ಯಾವ ನಿಯಮದ ಪಟ್ಟಿಯೂ ಅಲ್ಲ, ನನ್ನದೇ ಹಂಚಿಕೆ):

- ಭಾರೀ ಕುದುರೆ, ಸೇನಾಪತಿಯೂ ಸೇರಿ: 2 ಬೇಸು, 6 ಸವಾರರು
- ನುಮಿಡಿಯನ್ (ಉತ್ತರ ಆಫ್ರಿಕಾದ) ಹಗುರ ಕುದುರೆ: 1 ಬೇಸು, 2 ಸವಾರರು
- ಆಫ್ರಿಕನ್ ಈಟಿಯವರು: 2 ಬೇಸು, 8 ಜನ
- ಸ್ಪೇನಿನವರು, ಬೇಸಿಗೆ 3ರಂತೆ: 2 ಬೇಸು, 6 ಜನ
- ಗಾಲ್‌ಗಳು, ಬೇಸಿಗೆ 4ರಂತೆ: 3 ಬೇಸು, 12 ಜನ
- ಹಗುರ ಕಾಲಾಳು: 2 ಬೇಸು, 4 ಜನ

ಒಟ್ಟು 38 ಗೊಂಬೆ. ಆದರೆ ಗೊಂಬೆ ಬಿಡಿಬಿಡಿಯಾಗಿ ಸಿಗುವುದು ಕಡಿಮೆ. ಪೊಟ್ಟಣಕ್ಕೆ 8 ಕಾಲಾಳು ಅಥವಾ 4 ಸವಾರರು ಅಂತ ಇಟ್ಟುಕೊಳ್ಳಿ, 15 ಮಿ.ಮೀ.ನಲ್ಲಿ ಇದು ಸಾಮಾನ್ಯ. ಆಗ ಕುದುರೆಗೆ 3 ಪೊಟ್ಟಣ, ಕಾಲಾಳಿಗೆ 6 ಪೊಟ್ಟಣ ಬೇಕು ಅನ್ನಿಸುತ್ತದೆ. ಕೂಡಿ ನೋಡಿ: ಆಫ್ರಿಕನ್ 1, ಸ್ಪೇನ್ 1, ಗಾಲ್ 2, ಹಗುರ 1. ಐದೇ ಸಾಕು. ಅಂದಾಜಿಗೂ ಲೆಕ್ಕಕ್ಕೂ ಇರುವ ಈ ಒಂದು ಪೊಟ್ಟಣದ ವ್ಯತ್ಯಾಸವೇ ಸೀಸದ ಗುಡ್ಡದ ಅಡಿಪಾಯ.

ಐದು ಪೊಟ್ಟಣ ಕಾಲಾಳು, ಮೂರು ಪೊಟ್ಟಣ ಕುದುರೆ ಅಂದರೆ 52 ಗೊಂಬೆ. 14 ಉಳಿಯುತ್ತವೆ. ಅವಕ್ಕೂ ಈಗಲೇ ಒಂದು ಕೆಲಸ ಕೊಡಿ: ಎರಡು ಕೆಟ್ಟ ಎರಕಕ್ಕೆ ಬದಲಿ, ಒಂದು ಬಣ್ಣದ ಪ್ರಯೋಗಕ್ಕೆ, ನಾಲ್ಕು ಗಾಲ್‌ಗಳಿಂದ ಇನ್ನೊಂದು ಬೇಸು. ಕೆಲಸ ಇಲ್ಲದ ಗೊಂಬೆ ‘ಇನ್ನೊಂದು ಪೊಟ್ಟಣ ತಂದರೆ ಇವನ್ನೂ ಸೇರಿಸಿ ಒಂದು ದಳ ಮಾಡಬಹುದಲ್ಲ’ ಅಂತ ಕಿವಿಯಲ್ಲಿ ಊದುತ್ತಿರುತ್ತದೆ.

## ಹಂತ 5: ಮೊದಲು ಒಂದೇ ಪೊಟ್ಟಣ ತರಿಸಿ

ಫೋಟೋ ನೋಡಿ ಇಡೀ ಸೈನ್ಯ ತರಿಸಬೇಡಿ. ಅದು ಚೆನ್ನಾಗಿ ಬಣ್ಣ ಹಚ್ಚಿದ, ಹತ್ತು ಪಟ್ಟು ದೊಡ್ಡದಾಗಿ ಕಾಣುವ ಗೊಂಬೆ. ಎಲ್ಲಕ್ಕಿಂತ ಜಾಸ್ತಿ ಬೇಕಾಗುವ ದಳದ ಒಂದು ಪೊಟ್ಟಣ, ಸಾಧ್ಯವಾದರೆ ಒಂದು ಕುದುರೆ ಪೊಟ್ಟಣ, ಇಷ್ಟು ಸಾಕು. ಬಂದ ಮೇಲೆ ಒಂದು ಬೇಸನ್ನು ಕೊನೆಯ ತನಕ ಮುಗಿಸಿ: ಅರ ಹಾಕಿ, ಬಣ್ಣ ಹಚ್ಚಿ, ಅಂಟಿಸಿ. ಎಷ್ಟು ಗಂಟೆ ಹಿಡಿಯಿತು ಬರೆದಿಡಿ. ಅದನ್ನು 12ರಿಂದ ಗುಣಿಸಿ. ಆ ಉತ್ತರ ನೋಡಿ ಹೆದರಿಕೆಯಾದರೆ 10 ಅಥವಾ 6 ಮಿ.ಮೀ.ಗೆ ಇಳಿಯಲು ಇನ್ನೂ ಸಮಯವಿದೆ.

ಪಟ್ಟಿಯಲ್ಲಿ ಇವನ್ನೂ ನೋಡಿಕೊಳ್ಳಿ: ಕುದುರೆಯೂ ಸವಾರನೂ ಒಟ್ಟಿಗೆ ಬರುತ್ತವೆಯೇ, ಬೇರೆಯೇ? ಗುರಾಣಿ, ಈಟಿ ಸೇರಿದೆಯೇ? ಸೇನಾಪತಿ, ಬಾವುಟದವನು, ಕಹಳೆಯವನು ಎಷ್ಟೋ ಸಲ ಪ್ರತ್ಯೇಕ ಪೊಟ್ಟಣ. ಸವಾರರಷ್ಟೇ ಬಂದು ಕುದುರೆ ಬಾರದ ದಿನ ನಾನು ನೋಡಿದ್ದೇನೆ. ತಪ್ಪು ನನ್ನದೇ, ಕುದುರೆಯ ಪೊಟ್ಟಣದ ಕೋಡ್ ಬರೆಯಲು ಮರೆತಿದ್ದೆ.

## ಹಂತ 6: ಮಿಕ್ಕಿದ್ದನ್ನು ಒಂದೇ ಸಲ ತರಿಸಿ

ಮಾದರಿ ಒಪ್ಪಿಗೆಯಾದರೆ ಉಳಿದದ್ದನ್ನು ಚೂರುಚೂರಾಗಿ ತರಿಸಬೇಡಿ. ಅಚ್ಚು ಸವೆಯುತ್ತದೆ, ಮಾದರಿ ಬದಲಾಗುತ್ತದೆ, ಕೆಲವು ಪೊಟ್ಟಣ ತಯಾರಿಯೇ ನಿಲ್ಲುತ್ತದೆ. ಅರ್ಧ ಸೈನ್ಯ ಹಳೇ ಅಚ್ಚಿನದು, ಅರ್ಧ ಹೊಸದು ಅಂತಾದರೆ ಹಂತ 3ರ ತಲೆನೋವು ಮತ್ತೆ ಶುರು.

ಬಳಸಿದ ಗೊಂಬೆ ಕೊಳ್ಳುವವರಿಗೆ ಒಂದು ಮಾತು. ಹಳೇ ಬಣ್ಣ ತೆಗೆಯಲು ಲೋಹದ ಗೊಂಬೆಯನ್ನು ಅಸಿಟೋನ್‌ನಲ್ಲಿ ನೆನೆಸಬಹುದು, ಆದರೆ ಪ್ಲಾಸ್ಟಿಕ್ ಗುರಾಣಿ ಕರಗಿಹೋಗುತ್ತದೆ, ಸೂಪರ್ ಗ್ಲೂ ಬಿಟ್ಟುಕೊಂಡು ಕೈಕಾಲು ಬೇರೆಯಾಗುತ್ತವೆ. ಬೇಗ ಬೆಂಕಿ ಹತ್ತುವ ದ್ರವ, ಕಿಟಕಿ ತೆರೆದಿಡಿ. ಗೊಂಬೆಯ ಮೇಲೆ ಬಿಳಿ ಪುಡಿ ಕಂಡರೆ ಕೊಳ್ಳಲೇಬೇಡಿ. ಯಾಕೆ ಅಂತ ಕೊನೆಯಲ್ಲಿ ಹೇಳುತ್ತೇನೆ.

## ಹಂತ 7: ಬಂದ ದಿನವೇ ಬಿಚ್ಚಿ ನೋಡಿ

ಪೊಟ್ಟಣ ಬಂದ ಖುಷಿಯಲ್ಲಿ ಡಬ್ಬಕ್ಕೆ ಹಾಕಿ ಆರು ತಿಂಗಳು ಬಿಟ್ಟು ದೂರು ಹೇಳಿದರೆ ಯಾರೂ ಕೇಳುವುದಿಲ್ಲ. ಎಣಿಸಿ, ಕೋಡ್ ತಾಳೆ ನೋಡಿ, ಒಂದೊಂದನ್ನೂ ದೀಪದ ಕೆಳಗೆ ತಿರುಗಿಸಿ.

ಅಚ್ಚಿನ ಎರಡು ಹೋಳು ಕೂಡುವ ಕಡೆ ಸಣ್ಣ ಗೆರೆ ಇದ್ದೇ ಇರುತ್ತದೆ. ಕಾಲುಗಳ ನಡುವೆ ಕಾಗದದಂಥ ತೆಳು ಲೋಹ, ಈಟಿಯ ತುದಿಯಲ್ಲಿ ಕೂದಲಿನಂಥ ಎಳೆ ಇರುವುದೂ ಮಾಮೂಲು. ಇವೆಲ್ಲ ಅರಕ್ಕೆ, ಚಾಕುವಿಗೆ ಬಗ್ಗುತ್ತವೆ. ಎಚ್ಚರ ಇರಬೇಕಾದದ್ದು ಬೇರೆಯದಕ್ಕೆ: ಮುಖದ ಮಧ್ಯೆ ಮೆಟ್ಟಿಲಿನಂತೆ ಜರುಗಿರುವುದು (ಅಚ್ಚಿನ ಹೋಳುಗಳು ಸರಿಯಾಗಿ ಕೂತಿರಲಿಲ್ಲ), ಕೈ ಅಥವಾ ಕುದುರೆಯ ಕಾಲು ಪೂರ್ತಿ ತುಂಬದೇ ಮೊಂಡಾಗಿರುವುದು, ಮೈಮೇಲೆ ಸಣ್ಣ ಗುಳಿಗಳು. ಇವನ್ನು ಫೋಟೋ ತೆಗೆದು ಕೂಡಲೇ ತಿಳಿಸಿ, ಬಹುತೇಕ ತಯಾರಕರು ಬದಲಿ ಕಳಿಸುತ್ತಾರೆ.

ಲೋಹ ಯಾವುದು ಅನ್ನುವುದೂ ಗೊತ್ತಿರಲಿ. ಗೊಂಬೆಯ ತಳವನ್ನು ಬಿಳಿ ಕಾಗದದ ಮೇಲೆ ಎಳೆಯಿರಿ. ಪೆನ್ಸಿಲಿನಂತೆ ಬೂದು ಗೆರೆ ಬಿದ್ದರೆ ಸೀಸ ಜಾಸ್ತಿ ಇದೆ ಅಂತ ಲೆಕ್ಕ. ಅದು ಮೆತ್ತಗೆ, ಸುಲಭವಾಗಿ ಬಗ್ಗುತ್ತದೆ. ತವರ ಜಾಸ್ತಿ ಇದ್ದರೆ ಗಟ್ಟಿ, ಹೊಳಪು ಹೆಚ್ಚು, ಬಗ್ಗಿಸಿದಾಗ ಕೆಲವೊಮ್ಮೆ ಕಿವಿಗೆ ಸಣ್ಣ ಚಟಚಟ ಸದ್ದು ಬರುತ್ತದೆ. ಹೆಚ್ಚು ಬಗ್ಗಿಸಿದರೆ ಮುರಿದೇ ಹೋಗುತ್ತದೆ.

## ಹಂತ 8: ಅರ, ಸೋಪು, ಈಟಿ

ಸೀಸದ ಪುಡಿ ಹೊಟ್ಟೆಗೆ, ಶ್ವಾಸಕ್ಕೆ ಹೋಗಬಾರದು. ಅರವನ್ನು ನೀರಿನಲ್ಲಿ ಅದ್ದಿ ಉಜ್ಜಿ, ಪುಡಿ ಹಾರುವುದಿಲ್ಲ. ಅಡಿಗೆ ಮಾಡುವ, ಊಟ ಮಾಡುವ ಮೇಜಿನ ಮೇಲೆ ಈ ಕೆಲಸ ಬೇಡ. ಕೆಲಸದ ನಡುವೆ ತಿಂಡಿ ಬೇಡ, ಬ್ರಷ್ಷಿನ ತುದಿ ತುಟಿಯಲ್ಲಿ ಚೂಪು ಮಾಡುವ ಅಭ್ಯಾಸ ಬಿಡಿ. ಮುಗಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ ಕೈ ತೊಳೆಯಿರಿ. ಸಣ್ಣ ಮಕ್ಕಳಿರುವ ಮನೆಯಲ್ಲಿ ಇವು ಎತ್ತರದಲ್ಲಿರಬೇಕು.

ಗೆರೆ ತೆಗೆಯುವಾಗ ಮೂರು ಕಡೆ ಮಾತ್ರ ತಲೆಕೆಡಿಸಿಕೊಳ್ಳಿ: ಹೆಲ್ಮೆಟ್, ಭುಜ, ಕುದುರೆಯ ಬೆನ್ನು. ಮೇಲಿಂದ ನೋಡಿದಾಗ ಕಾಣುವುದು ಇವೇ. ಪಾದದಡಿಯ ತಟ್ಟೆಯನ್ನು ಮಾತ್ರ ಸಮತಟ್ಟು ಮಾಡಲೇಬೇಕು, ಇಲ್ಲದಿದ್ದರೆ ಸೈನಿಕ ಕುಡಿದವನ ಹಾಗೆ ವಾಲುತ್ತಾನೆ.

ಆಮೇಲೆ ಸೋಪು ಹಾಕಿದ ಉಗುರುಬೆಚ್ಚನೆಯ ನೀರಿನಲ್ಲಿ ಟೂತ್‌ಬ್ರಷ್ಷಿನಿಂದ ತೊಳೆಯಿರಿ. ಅಚ್ಚಿನಿಂದ ಬಿಡಿಸಲು ಹಾಕಿದ ಪುಡಿ ಮೈಮೇಲೆ ಉಳಿದಿರುತ್ತದೆ. ಬಣ್ಣ ಹಪ್ಪಳದ ಹಾಗೆ ಎದ್ದು ಬರುತ್ತಿದೆ ಅಂದರೆ ಹತ್ತರಲ್ಲಿ ಎಂಟು ಸಲ ಈ ತೊಳೆಯುವ ಕೆಲಸ ಬಿಟ್ಟಿರುತ್ತೀರಿ. ಪೂರ್ತಿ ಒಣಗಲಿ.

ಎರಕದ ಈಟಿ ಬಗ್ಗುತ್ತದೆ. ನೆಟ್ಟಗೆ ಮಾಡುತ್ತೀರಿ, ಮತ್ತೆ ಬಗ್ಗುತ್ತದೆ, ಮೂರನೇ ಸಲ ಮುರಿಯುತ್ತದೆ. ಕೈಯಲ್ಲಿ ತೂತಿರುವ ಗೊಂಬೆ ಸಿಕ್ಕರೆ ತಂತಿಯ ಈಟಿ ಹಾಕಿ. ತೂತಿಲ್ಲದಿದ್ದರೆ ಮೊದಲು ಸೂಜಿಯಿಂದ ಮುಷ್ಟಿಯ ಮೇಲೆ ಚುಕ್ಕಿ ಒತ್ತಿ, ಇಲ್ಲವಾದರೆ ಬಿಟ್ ಜಾರಿ ಬೆರಳಿಗೆ ಇಳಿಯುತ್ತದೆ. ನಿಧಾನವಾಗಿ ತಿರುಗಿಸಿ, ನಾಲ್ಕು ಸುತ್ತಿಗೊಮ್ಮೆ ಹೊರತೆಗೆದು ಪುಡಿ ಒರೆಸಿ. ತಂತಿಯ ತುದಿಯನ್ನು ಇಕ್ಕಳದಲ್ಲಿ ಚಪ್ಪಟೆ ಮಾಡಿದರೆ ಈಟಿಯ ಅಲಗು ಸಿದ್ಧ. ಬಣ್ಣ ಹಚ್ಚುವಾಗ ಕಣ್ಣಿನ ಹತ್ತಿರ ಹಿಡಿಯುವ ವಸ್ತು ಇದು, ಆದ್ದರಿಂದ ತುದಿಯನ್ನು ಅರದಿಂದ ಸ್ವಲ್ಪ ಮೊಂಡು ಮಾಡಿಬಿಡಿ.

## ಹಂತ 9: ಬಣ್ಣ, ಬೇಸು

ಇದರ ಬಗ್ಗೆ ಬೇಕಾದಷ್ಟು ಪಾಠಗಳಿವೆ, ನಾನು ಜನ ಎಡವುವ ಕಡೆ ಮಾತ್ರ ಹೇಳುತ್ತೇನೆ. ಐಸ್‌ಕ್ರೀಂ ಕಡ್ಡಿಯ ಮೇಲೆ ಪಿವಿಎ ಹನಿ ಇಟ್ಟು ನಾಲ್ಕು ಗೊಂಬೆ ನಿಲ್ಲಿಸಿ, ನಡುವೆ ಬ್ರಷ್ ಹೋಗುವಷ್ಟು ಜಾಗ ಬಿಡಿ. ಮಳೆ, ತೇವ ಇರುವ ದಿನ ಸ್ಪ್ರೇ ಪ್ರೈಮರ್ (ಬಣ್ಣ ಹಿಡಿಯಲು ಮೊದಲು ಹಚ್ಚುವ ಪದರ) ಹೊಡೆದರೆ ಮೈ ರವೆಯಂತೆ ತರಿತರಿಯಾಗುತ್ತದೆ. ಅಂಥ ದಿನ ಬ್ರಷ್ಷಿನಿಂದ ಹಚ್ಚುವ ಪ್ರೈಮರ್ ವಾಸಿ. ಗೊಂಬೆ ಸಣ್ಣದಾದಷ್ಟೂ ಬಣ್ಣ ಕಪ್ಪಗೆ ಕಾಣುತ್ತದೆ, ಹಾಗಾಗಿ ನಿಜವಾದ ಬಟ್ಟೆಗಿಂತ ಒಂದೆರಡು ಛಾಯೆ ತಿಳಿ ಬಣ್ಣ ಹಾಕಿ. ಹೇಗಿದೆ ಅಂತ ನೋಡುವುದು ಕೈ ಚಾಚಿ ಹಿಡಿದು, ಭೂತಗನ್ನಡಿಯಲ್ಲಿ ಅಲ್ಲ.

ಒಂದು ಬೇಸಿನವರನ್ನು ಮುಗಿಸಿ, ಅಂಟಿಸಿ, ಮರಳು ಹಾಕಿ, ಆಮೇಲೆ ಮುಂದಿನದು. ಎಲ್ಲ 52ಕ್ಕೂ ಒಟ್ಟಿಗೆ ಪ್ಯಾಂಟಿನ ಬಣ್ಣ ಹಚ್ಚಲು ಕೂತವರು ಶರ್ಟಿಗೆ ಬರುವುದೇ ಇಲ್ಲ. ಅಂಟಿಸುವ ಮೊದಲು ಬರಿಗೊಂಬೆಗಳನ್ನು ನಿಲ್ಲಿಸಿ ನೋಡಿ: ಮುಂದಕ್ಕೆ ಚಾಚಿದ ಈಟಿ ಬೇಸಿನಿಂದ ತುಂಬಾ ಆಚೆ ಹೋದರೆ ಎದುರಾಳಿಯ ಬೇಸಿಗೆ ತಾಗಿಸಿ ಇಡಲು ಆಗುವುದಿಲ್ಲ. ಸೀಸ, ತವರ ಯಾವುದೂ ಅಯಸ್ಕಾಂತಕ್ಕೆ ಹಿಡಿಯುವುದಿಲ್ಲ. ಡಬ್ಬದಲ್ಲಿ ಅಲುಗದೆ ನಿಲ್ಲಬೇಕು ಅಂದರೆ ಬೇಸಿನ ಅಡಿಗೆ ತೆಳು ಉಕ್ಕಿನ ಹಾಳೆ, ಡಬ್ಬದ ತಳಕ್ಕೆ ಮ್ಯಾಗ್ನೆಟ್ ಶೀಟ್.

## ಹಂತ 10: ಎಲ್ಲಿ ಇಡುತ್ತೀರಿ?

ಆ ಬಿಳಿ ಪುಡಿಯ ವಿಷಯ ಈಗ. ಓಕ್‌ನಂಥ ಮರ, ಕೆಲವು ರಟ್ಟು, ಹುಳಿ ವಾಸನೆಯ ಸಿಲಿಕೋನ್ ಸೀಲೆಂಟ್ ಇವುಗಳಿಂದ ಅಸಿಟಿಕ್ ಆಮ್ಲದ ಆವಿ ಬರುತ್ತಿರುತ್ತದೆ. ವಿನಿಗರ್‌ನಲ್ಲಿರುವುದು ಇದೇ ಆಮ್ಲ. ಮುಚ್ಚಿದ ಮರದ ಡ್ರಾಯರಿನಲ್ಲಿ ಆ ಆವಿ, ತೇವ, ಗಾಳಿಯ ಕಾರ್ಬನ್ ಡೈಆಕ್ಸೈಡ್ ಸೇರಿ ಸೀಸವನ್ನು ಸೀಸದ ಕಾರ್ಬೊನೇಟ್ ಮಾಡುತ್ತವೆ. ಕ್ರಿಯೆಯ ಕೊನೆಗೆ ಆಮ್ಲ ಮತ್ತೆ ಬಿಡುಗಡೆಯಾಗುವುದರಿಂದ ಅದು ಅಲ್ಲಿಗೇ ನಿಲ್ಲುವುದಿಲ್ಲ. ಮೊದಲು ಲೋಹ ಮಂಕಾಗುತ್ತದೆ, ಆಮೇಲೆ ಕಾಲಿನ ಸಂದಿಯಲ್ಲಿ ಹಿಟ್ಟಿನಂಥ ಪುಡಿ, ಕೊನೆಗೆ ಕಣಕಾಲು ಪುಡಿಯಾಗಿ ಗೊಂಬೆ ಬೀಳುತ್ತದೆ. ಆ ಪುಡಿಯೂ ವಿಷವೇ.

ಗಟ್ಟಿ ಪ್ಲಾಸ್ಟಿಕ್ ಡಬ್ಬ ಬಳಸಿ, ಒಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಅಂಟು, ಬಣ್ಣ ಪೂರ್ತಿ ಒಣಗುವ ತನಕ ಮುಚ್ಚಳ ಹಾಕಬೇಡಿ. ವಾರ್ನಿಷ್ ಸ್ವಲ್ಪ ತಡೆಯುತ್ತದೆ, ಆದರೆ ಬಣ್ಣ ಇಲ್ಲದ ತಳದಿಂದಲೂ ಶುರುವಾಗಬಹುದು, ತಳಕ್ಕೂ ಒಂದು ಕೈ ಹಚ್ಚಿ. ಒಂದು ಗೊಂಬೆಯಲ್ಲಿ ಪುಡಿ ಕಂಡರೆ ಅದನ್ನು ಬೇರೆ ತೆಗೆದಿಡಿ, ಅದೇ ಡಬ್ಬದ ಉಳಿದವನ್ನೆಲ್ಲ ತಿರುಗಿಸಿ ನೋಡಿ, ಡಬ್ಬ ಬದಲಿಸಿ.

ಡಬ್ಬದ ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಿ: ತಯಾರಕರ ಹೆಸರು, ಕೋಡ್, ಬಳಸಿದ ಬಣ್ಣಗಳ ಸಂಖ್ಯೆ, ಬೇಸಿನ ಅಳತೆ. ನನ್ನ ಗಾಲ್‌ಗಳಿಗೆ ಮೂರು ವರ್ಷದ ಮೇಲೆ ಇನ್ನೊಂದು ಬೇಸು ಸೇರಿಸಲು ಹೋದಾಗ ಅವರ ಚಲ್ಲಣದ ಹಸಿರು ಯಾವುದು ಅಂತ ನೆನಪಾಗಲಿಲ್ಲ. ಆ ಬೇಸು ಈಗಲೂ ಹಿಂದಿನ ಸಾಲಿನಲ್ಲೇ ನಿಲ್ಲುತ್ತದೆ.